ಅತ್ತೆಯ ಕಣ್ಣಿನ ನುಚ್ಚು

ಬೆಳಿಗ್ಗೆಯಿಂದ ನಾನು ಕೂತಲ್ಲಿ ಕೂತಿಲ್ಲ. ಜಗಲಿಯ ಮೇಲೆ ನಾನು ಬಾಡಿಗೆಗಿರುವ ಮನೆಯ ಒಡತಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಾರೆ. ಅಕ್ಕಿ ಮೇಲೆದ್ದು ಬೀಳುವ ಸದ್ದು, ಅದರ ಹಿಂದೆಯೇ ತೌಡಿನ ವಾಸನೆ. ಒಳಗೆ ಹೋದರೆ ವಾಸನೆಯೂ ಒಳಗೆ ಬರುತ್ತದೆ. ಹೊರಗೆ ಬಂದರೆ ಬಿಸಿಲಿನಲ್ಲಿ ಹಾರುವ ತೌಡಿನ ಪುಡಿ ಕಾಣುತ್ತದೆ. ನಾಲ್ಕನೆಯ ಸಲ ಹೊಸ್ತಿಲು ದಾಟಿದಾಗ ಆಕೆ ತಲೆ ಎತ್ತದೆಯೇ ಕೇಳಿದರು:

"ಏನ್ರಿ ಮೇಷ್ಟ್ರ, ಒಳಗ ಯಾರಿಗಾರ ಹೆರಿಗಿ ಐತೇನು?"

"ನನಗಿನ್ನೂ ಮದುವೀನ ಆಗಿಲ್ಲಲ್ರಿ."

"ಅದಕ್ಕ ಕೇಳಿದೆ."

ಹತ್ತು ಗಂಟೆಯ ಬಸ್ಸಿಗೆ ಸಿರುಗುಪ್ಪದಿಂದ ನಮ್ಮ ಅತ್ತೆ ಬರುತ್ತಾಳೆ. ಆಕೆಯನ್ನು ಇಲ್ಲಿ, ಬಳ್ಳಾರಿಯ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಬೇಕು. ಡಾಕ್ಟರು ಹೇಳಿದ್ದನ್ನು ಆಕೆಗೆ, ಆಕೆ ಹೇಳಿದ್ದನ್ನು ಡಾಕ್ಟರಿಗೆ ದಾಟಿಸಬೇಕು. ಅಷ್ಟೇ. ಒಂದು ಬಾಯಿಯ ಮಾತನ್ನು ಇನ್ನೊಂದು ಕಿವಿಗೆ ಹೊತ್ತು ಹಾಕುವ ಕೆಲಸಕ್ಕೆ ಇಷ್ಟು ತಳಮಳ ಯಾಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯ. ನಿಮ್ಮ ಜಾಗದಲ್ಲಿ ನಾನಿದ್ದರೆ ಕೇಳಿ ಸುಮ್ಮನೂ ಆಗುತ್ತಿರಲಿಲ್ಲ. ಎದುರಿನವರು ಉತ್ತರ ಕೊಟ್ಟ ಮೇಲೂ ನಾಲ್ಕು ಅಡ್ಡ ಪ್ರಶ್ನೆ ಹಾಕುತ್ತಿದ್ದೆ. ಆದರೆ ಈ ಒಂದು ವಿಷಯದಲ್ಲಿ ನನಗೆ ವಾದ ಮಾಡುವ ಹಕ್ಕು ಹೋಗಿ ಆರೇಳು ವರ್ಷವಾಯಿತು. ಹೇಗೆ ಹೋಯಿತೆಂದು ಹೇಳುತ್ತೇನೆ, ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿದೆ.

ಅತ್ತೆ ಎಂದರೆ ನಮ್ಮ ತಂದೆಯ ತಂಗಿ, ನೀಲಮ್ಮ. ನಮ್ಮದು ಕುರುಗೋಡು. ಆಕೆಯನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಮಾವ ತೀರಿಕೊಂಡ ಮೇಲೆ ನಮ್ಮ ತಂದೆ ಎತ್ತಿನ ಬಂಡಿ ತಗೊಂಡು ಹೋಗಿ "ಬಾರವ್ವ ತವರಿಗೆ" ಎಂದರಂತೆ. "ಬಂದು ಏನ್ ಮಾಡ್ಲಿ? ನಿನ್ನ ಹೇಣ್ತಿ ಮಾಡಿದ್ದಕ್ಕ ಉಪ್ಪು ಹೆಚ್ಚಾತು, ಕಡಿಮಿ ಆತು ಅನಕೊಂತ ಕುಂದರ್ಲೇನು?" ಎಂದು ಆಕೆ ಬಂಡಿಯನ್ನು ಖಾಲಿ ಕಳಿಸಿದಳು. ಅಲ್ಲಿಯೇ ಒಂದು ಅಕ್ಕಿ ಮಿಲ್ಲಿಗೆ ಅಕ್ಕಿ ಆರಿಸಲು ಹೋದಳು. ಐದು ವರ್ಷದಲ್ಲಿ ಮಣೆಗೆ ಏರಿದಳು.

ಮಣೆಗೆ ಏರುವುದೆಂದರೆ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಮಿಲ್ಲಿನ ಹಿಂದಿನ ಅಂಗಳದಲ್ಲಿ ಮೂವತ್ತು ಹೆಂಗಸರು ಸಾಲಾಗಿ ಕೂತು ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದರು. ಸಾಲಿನ ತುದಿಯಲ್ಲಿ ಒಂದು ಮರದ ಮಣೆ. ಅದರ ಮೇಲೆ ಒಬ್ಬಳು. ಆರಿಸಿ ಮುಗಿದ ಪ್ರತಿ ಮೊರವೂ ಆಕೆಯ ಮುಂದೆ ಬರಬೇಕು. ಆಕೆ "ಹೂಂ" ಎಂದರೆ ಅಕ್ಕಿ ಚೀಲಕ್ಕೆ. "ಊಹೂಂ" ಎಂದರೆ ಮೊರ ಹಿಂದಕ್ಕೆ. ಮೇಸ್ತ್ರಿಯೂ ಆ ಮಾತನ್ನು ಮೀರುವಂತಿರಲಿಲ್ಲ. ಮಣೆಯ ಮೇಲೆ ಕೂತವಳ ಆಸ್ತಿಯೆಂದರೆ ಆ ಒಂದು ಮಾತು.

ನಮ್ಮ ಅತ್ತೆಗೆ ಒಂದು ಅಭ್ಯಾಸವಿತ್ತು. ಮೊರ ಮುಂದೆ ಬಂದ ಕೂಡಲೇ ಕಣ್ಣಿಟ್ಟು ನೋಡುವಳು. ಆಮೇಲೆ ತೋರುಬೆರಳಿನಿಂದ ಅಕ್ಕಿಯನ್ನು ಮೂರು ಕಡೆ ಮುಟ್ಟುವಳು. ಟಕ್, ಟಕ್, ಟಕ್. ಬಾಯಲ್ಲಿ ಏನೋ ಗೊಣಗುವಳು. ಅದಾದ ಮೇಲೆ "ಹೂಂ" ಅಥವಾ "ಊಹೂಂ". ರಜೆಗೆ ಹೋದಾಗ ಬುತ್ತಿ ಕೊಡುವ ನೆಪದಲ್ಲಿ ಮಿಲ್ಲಿಗೆ ಹೋಗಿ ನಾನು ಇದನ್ನು ನೂರು ಸಲ ನೋಡಿದ್ದೇನೆ. ನೋಡಿ ನಕ್ಕಿದ್ದೇನೆ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಂತೆ, ಬೆಕ್ಕು ಅಡ್ಡ ಬಂದರೆ ಮೂರು ಹೆಜ್ಜೆ ಹಿಂದೆ ಸರಿಯುವಂತೆ ಇದೂ ಒಂದು ಮೂಢ ಆಚಾರ ಎಂದು ನಾನು ತೀರ್ಪು ಕೊಟ್ಟಿದ್ದೆ. ಕೊಡದೇ ಇರುತ್ತೇನೆಯೇ? ನಾನಾಗ ಬಳ್ಳಾರಿಯಲ್ಲಿ ಕಾಲೇಜು ಓದುತ್ತಿದ್ದೆ, ಚರ್ಚಾಸ್ಪರ್ಧೆಗಳಲ್ಲಿ ಎರಡು ಬಹುಮಾನದ ಬಟ್ಟಲು ಗೆದ್ದಿದ್ದೆ. ಒಂದನ್ನು 'ವಿಜ್ಞಾನ ವರ' ಎಂದು ವಾದಿಸಿ, ಇನ್ನೊಂದನ್ನು 'ವಿಜ್ಞಾನ ಶಾಪ' ಎಂದು ವಾದಿಸಿ. ಎರಡನ್ನೂ ಒಂದೇ ಗೂಡಿನಲ್ಲಿ ಇಟ್ಟಿದ್ದೆ. ಅವು ಜಗಳವಾಡದೆ ಇದ್ದುದನ್ನು ನೋಡಿ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಇನ್ನು ಅತ್ತೆಯ ಕಣ್ಣು. ಮಣೆಗೆ ಏರಿದ ಮರುವರ್ಷ ಆಕೆಗೆ ಮೂರು ವಾರ ಜ್ವರ ಬಂತು. ಜ್ವರ ಬಿಟ್ಟಿತು, ಕಣ್ಣಿನಲ್ಲಿ ಒಂದು ಕಾಟ ಬಿಟ್ಟುಹೋಯಿತು. ಎಲ್ಲಿ ನೋಡಿದರೂ ಸಣ್ಣ ಸಣ್ಣ ಚುಕ್ಕೆಗಳು, ಒಂದೇ ಸಮನೆ ಉದುರುತ್ತಲೇ ಇರುತ್ತವೆ. ಗೋಡೆ ನೋಡಿದರೆ ಗೋಡೆಯ ಮೇಲೆ, ಆಕಾಶ ನೋಡಿದರೆ ಆಕಾಶದಲ್ಲಿ, ಕಣ್ಣು ಮುಚ್ಚಿದರೆ ಕತ್ತಲೆಯಲ್ಲಿ. ದೀಪ ನೋಡಿ ಈ ಕಡೆ ತಿರುಗಿದರೆ ದೀಪವೂ ಜೊತೆಗೆ ತಿರುಗಿ ಬಂದು ಬಹಳ ಹೊತ್ತು ನಿಲ್ಲುತ್ತಿತ್ತು.

"ಕಣ್ಣಾಗ ನುಚ್ಚು ಬೀಳಾಕತ್ತೈತಿ ನೋಡು" ಎನ್ನುತ್ತಿದ್ದಳು. ನುಚ್ಚು ಎಂದರೆ ಒಡೆದ ಅಕ್ಕಿ. ತನ್ನ ಕಾಯಿಲೆಗೆ ತನ್ನ ಕಸುಬಿನ ಹೆಸರನ್ನೇ ಇಟ್ಟುಕೊಂಡಿದ್ದಳು.

ನುಚ್ಚಿಗೆ ಮದ್ದು ಹೇಳದವರೇ ಇರಲಿಲ್ಲ. ನೆತ್ತಿಗೆ ಹರಳೆಣ್ಣೆ ಹಚ್ಚಿಸಿದರು. ನಂದಿಬಟ್ಟಲ ಹೂವಿನ ನೀರು ಹಿಂಡಿದರು. ಬಾದನಹಟ್ಟಿಯಲ್ಲಿ ಯಾರೋ ಕಣ್ಣಿನ ಮುಂದೆ ಬೇವಿನ ಸೊಪ್ಪು ನಿವಾಳಿಸುತ್ತಾರೆಂದು ಅಲ್ಲಿಗೂ ಹೋಗಿ ಬಂದಳು. ನಮ್ಮ ತಾಯಿ ಕುರುಗೋಡಿನ ಬಸವಣ್ಣನಿಗೆ ಐದು ಸೋಮವಾರ ಎಣ್ಣೆ ಹೊತ್ತಳು. ಐದನೆಯ ಸೋಮವಾರ ನಾನು ಊರಿನಲ್ಲಿದ್ದೆ.

"ಅವ್ವಾ, ಬಸವಣ್ಣನ ಕಣ್ಣು ಕಲ್ಲಿಂದು. ಕಲ್ಲಿನ ಕಣ್ಣಿಗೆ ಎಣ್ಣಿ ಬಿಟ್ರ ಅತ್ತಿ ಕಣ್ಣು ಹೆಂಗ ಸರಿಯಾಗತೈತಿ? ಕಾರಣ ಹೇಳು."

"ಕಾರಣ ಅಡಗಿ ಮನ್ಯಾಗ ಐತಿ, ಹೋಗಿ ತಗೋ."

"ಇದಕ್ಕೆಲ್ಲಾ ಕನ್ನಡಕ ಅಂತ ಒಂದು ಐತಿ. ವಿಜ್ಞಾನ."

"ಹಂಗಾರ ಮೊದಲ ನಿನ್ನ ಬಾಯಿಗೆ ಒಂದು ಹಾಕಸ್ಕೋ" ಎಂದು ಅವ್ವ ಎಣ್ಣೆಯ ಗಿಂಡಿ ಎತ್ತಿಕೊಂಡು ನಡೆದಳು.

ನನಗೆ ಛಲ ಹುಟ್ಟಿತು. ಅತ್ತೆಯ ಕಣ್ಣು ಸರಿಯಾಗಲಿ ಎಂಬ ಆಸೆ ಇರಲಿಲ್ಲವೆಂದಲ್ಲ, ಇತ್ತು. ಆದರೆ ನಾನು ಹೇಳಿದಂತೆಯೇ ಸರಿಯಾಗಲಿ ಎಂಬ ಆಸೆ ಅದಕ್ಕಿಂತ ಒಂದು ಗೇಣು ಎತ್ತರವಾಗಿತ್ತು. ಈಗ ಒಪ್ಪಿಕೊಳ್ಳುವುದು ಸುಲಭ.

ಅತ್ತೆಯನ್ನು ಬಳ್ಳಾರಿಯ ಕಣ್ಣಿನ ಡಾಕ್ಟರ ಬಳಿಗೆ ಹೊರಡಿಸಿದೆ. ಆಗ ಎರಡನೆಯ ಮಹಾಯುದ್ಧ ಮುಗಿದಿದ್ದರೂ ಪೆಟ್ರೋಲು ಸರಿಯಾಗಿ ಬಂದಿರಲಿಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಓಡುತ್ತಿದ್ದುದು ಇದ್ದಿಲು ಬಸ್ಸು. ಹಿಂದೆ ಒಂದು ದೊಡ್ಡ ಕೊಳವೆ ಒಲೆ, ಅದರಲ್ಲಿ ಇದ್ದಿಲು ಉರಿಸಿ ಹೊಗೆಯ ಬಲದಿಂದ ಬಸ್ಸು ನಡೆಸುವುದು. ದಾರಿಯಲ್ಲಿ ಎರಡು ಸಲ ಕೆಳಗಿಳಿದು ತಳ್ಳಿದೆವು. ಕರೀ ಎರೆಯ ನೆಲ, ನೆತ್ತಿಯ ಮೇಲೆ ಸೂರ್ಯ. ಅತ್ತೆ ಸೆರಗು ಮುಂದಕ್ಕೆ ಎಳೆದುಕೊಂಡು ನೆರಳಿನಲ್ಲಿ ಕಣ್ಣಿಟ್ಟುಕೊಂಡಿದ್ದಳು.

"ಲೇ ತಮ್ಮಾ, ಒಂದ ಮಾತು ಕೇಳ್ತೀನಿ. ಕನ್ನಡಕ ಹಾಕ್ಕಂಡ್ರ ನುಚ್ಚು ನಿಂತೇ ನಿಲ್ತೈತೇನು?"

"ನಿಲ್ತೈತಿ."

"ನಿನಗ ಹೆಂಗ ಗೊತ್ತು?"

"ಓದೀನಿ."

ಓದಿರಲಿಲ್ಲ. ಓದಿದ್ದೇನೆ ಎಂದರೆ ಎದುರಿನವರು ಸುಮ್ಮನಾಗುತ್ತಾರೆ ಎಂಬುದನ್ನು ಮಾತ್ರ ಕಲಿತಿದ್ದೆ.

ಡಾಕ್ಟರು ಮದರಾಸಿನ ಕಡೆಯವರು. ತಮಿಳು ಮತ್ತು ಇಂಗ್ಲಿಷ್ ಬಿಟ್ಟರೆ ಬೇರೆ ಮಾತು ಬಾರದು. ಅತ್ತೆಗೆ ಕನ್ನಡ, ತೆಲುಗು ಎರಡೂ ನೀರು ಕುಡಿದಷ್ಟು ಸುಲಭ, ಆದರೆ ಅಲ್ಲಿ ಎರಡೂ ನಡೆಯುವಂತಿರಲಿಲ್ಲ. ಹೀಗಾಗಿ ನಡುವೆ ನಾನು. ಡಾಕ್ಟರು ಅರ್ಧ ಗಂಟೆ ಪರೀಕ್ಷೆ ಮಾಡಿದರು. ಕಬ್ಬಿಣದ ಚೌಕಟ್ಟು ಮೂಗಿನ ಮೇಲೆ ಕೂರಿಸಿ ಗಾಜಿನ ಮೇಲೆ ಗಾಜು ಹಾಕಿ ತೆಗೆದರು. ದೀಪದಿಂದ ಕಣ್ಣಿನೊಳಗೆ ಇಣುಕಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ನನಗೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಆ ಮಾತು ನನಗೆ ಅಕ್ಷರಶಃ ನೆನಪಿದೆ, ಮರೆಯಬೇಕೆಂದು ಎಷ್ಟು ಪ್ರಯತ್ನಪಟ್ಟರೂ.

ಅವರು ಹೇಳಿದ್ದು ಇಷ್ಟು: "ವಯಸ್ಸಿನಿಂದ ಹತ್ತಿರದ ನೋಟ ಮಸುಕಾಗಿದೆ. ಅದಕ್ಕೆ ಕನ್ನಡಕ ಕೊಡುತ್ತೇನೆ, ಅದು ಸರಿಯಾಗುತ್ತದೆ. ಈ ಚುಕ್ಕೆಗಳು ಬೇರೆ. ಕಣ್ಣಿನೊಳಗೆ ನನಗೆ ಯಾವ ದೋಷವೂ ಕಾಣುತ್ತಿಲ್ಲ. ಕಣ್ಣಿನ ಹಿಂದೆ ಎಲ್ಲೋ ಇರಬೇಕು. ಕನ್ನಡಕದಿಂದ ಅವು ಹೋಗುತ್ತವೆಯೇ ಎಂದರೆ, ನನಗೆ ಗೊತ್ತಿಲ್ಲ. ಹೋಗುತ್ತವೆ ಎಂದು ಆಕೆಗೆ ಹೇಳಬೇಡ."

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂತಾರ?"

ನಾನು ಎಷ್ಟು ಹೊತ್ತು ಯೋಚಿಸಿದೆ ಎಂದುಕೊಂಡಿರಿ? ಯೋಚಿಸಲೇ ಇಲ್ಲ. ಕಣ್ಣ ಮುಂದೆ ಅವ್ವನ ಎಣ್ಣೆಯ ಗಿಂಡಿ ಬಂತು. 'ಗೊತ್ತಿಲ್ಲ' ಎಂಬ ಮಾತನ್ನು ಹೊತ್ತುಕೊಂಡು ನಾನು ಕುರುಗೋಡಿಗೆ ಹೋಗುವುದುಂಟೆ? ಬಸವಣ್ಣನ ಎದುರು ವಿಜ್ಞಾನದ ವಕೀಲನಾಗಿ ನಿಂತವನು ನಾನು. ನನ್ನ ಸಾಕ್ಷಿಯೇ ಬಂದು ತನಗೆ ತಿಳಿಯದು ಎಂದರೆ ಹೇಗೆ?

"ಸರಿ ಹೋಗತೈತಂತ. ಕನ್ನಡಕ ಹಾಕ್ಕಳಬೇಕಂತ, ಅಷ್ಟ."

ಡಾಕ್ಟರು ಅಷ್ಟು ಉದ್ದ ಮಾತಾಡಿದ್ದು ನನ್ನ ಬಾಯಲ್ಲಿ ಇಷ್ಟು ಗಿಡ್ಡವಾದದ್ದನ್ನು ಅತ್ತೆ ಗಮನಿಸಿದಳೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆಕೆಗೂ ಆ ಗಿಡ್ಡ ಮಾತೇ ಬೇಕಾಗಿತ್ತು. ವರ್ಷಗಟ್ಟಲೆ ಕಣ್ಣಿನಲ್ಲಿ ನುಚ್ಚು ಉದುರಿಸಿಕೊಂಡವಳು, ನಿಲ್ಲುತ್ತದೆ ಎಂದರೆ ತರ್ಕ ಮಾಡುತ್ತಾಳೆಯೇ?

ಕನ್ನಡಕ ಬಂತು. ಮೊದಲ ವಾರ ನನ್ನ ಗೆಲುವು ನೋಡಬೇಕಿತ್ತು. ಸೂಜಿಗೆ ದಾರ ಪೋಣಿಸಿದಳು. ಅಂಗೈಯ ಗೆರೆ ಎಣಿಸಿದಳು. ನನ್ನ ಮುಖವನ್ನು ಹತ್ತಿರ ಎಳೆದುಕೊಂಡು, "ಅಯ್ಯ, ಇಷ್ಟು ಮೊಡವಿ ಅದಾವೇನಲೇ, ನೀ ಚೆಂದ ಅದೀ ಅಂತ ತಿಳಕೊಂಡಿದ್ದೆ" ಎಂದಳು. ಮಿಲ್ಲಿನಲ್ಲೆಲ್ಲ "ನನ್ನ ಕಣ್ಣು ಹೊಸದಾತು" ಎಂದು ಹೇಳಿಕೊಂಡು ಬಂದಳು. ಅಕ್ಕಿಯ ಒಂದೊಂದು ಕಾಳಿನ ಮೂತಿಯೂ ಕಾಣುತ್ತದೆ ಎಂದಳು.

"ನುಚ್ಚು?" ಎಂದೆ.

ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. "ಮೊದಲ ಮಸುಕಿನಾಗ ಮಸುಕು ಬೀಳ್ತಿತ್ತು. ಈಗ ಉಳಿದದ್ದೆಲ್ಲಾ ತೊಳದಂಗ ಕಾಣತೈತಿ, ಅದರ ನಡುವ ಏನೋ ಮಿಣಮಿಣ ಅಂತೈತಿ. ಹಳೇ ನುಚ್ಚೋ, ಧೂಳೋ, ಹರಳೋ ತಿಳಿವಲ್ದು."

ಇಲ್ಲಿ ನಾನು ಎರಡನೆಯ ಸಲ ಬಾಯಿ ಹಾಕಿದೆ. ಅಂದು ನಾನು ಹೇಳಿದ್ದನ್ನು ಕಾಲೇಜಿನ ವೇದಿಕೆಯ ಮೇಲೆ ಹೇಳಿದ್ದರೆ ಸಭೆ ಚಪ್ಪಾಳೆ ಹೊಡೆಯುತ್ತಿತ್ತು. "ಅತ್ತಿ, ಕನ್ನಡಕ ಇಲ್ಲದಾಗ ಕಂಡದ್ದು ಕಣ್ಣಿನ ತಪ್ಪು. ಕನ್ನಡಕ ಹಾಕ್ಕಂಡ ಮ್ಯಾಲೂ ಕಂಡದ್ದು ಅಕ್ಕಿ ತಪ್ಪು. ಇನ್ನ ಆ ಬೆರಳಿನ ಶಾಸ್ತ್ರ ಬಿಡು, ಮೂರು ಸಲ ಮುಟ್ಟೂದು, ಗೊಣಗೂದು. ಜನ ನಗ್ತಾರ."

"ಮುಟ್ಟದ ಹೆಂಗ ನಂಬೂದಲೇ?"

"ಡಾಕ್ಟ್ರ ಮಾತ ನಂಬು."

ಆಕೆ ಬೆರಳು ಬಿಟ್ಟಳು. ನಾನು ಬಳ್ಳಾರಿಗೆ ಹೋಗಿ ಈ ಜಯವನ್ನು ಗೆಳೆಯರಿಗೆ ವರ್ಣಿಸಿದೆ.

ಸಂಕ್ರಾಂತಿಯ ರಜೆಗೆ ಸಿರುಗುಪ್ಪಕ್ಕೆ ಹೋದೆ. ಮಧ್ಯಾಹ್ನ ಊಟ ಮುಗಿಸಿ ಅತ್ತೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ತಲೆಯ ಮೇಲೆ ಮೊರ ಹೊತ್ತು ಒಬ್ಬ ಹೆಂಗಸು ನಿಂತಳು. ತೆಕ್ಕಲಕೋಟೆಯಿಂದ ಕೂಲಿಗೆಂದು ಬಂದು ಸಿರುಗುಪ್ಪದಲ್ಲಿ ನೆಲೆಸಿದ್ದ ಹನುಮವ್ವ. ಸಾಲಿನಲ್ಲಿ ಪೂರ್ವದ ತುದಿಗೆ ಕೂತು ಆರಿಸುವವಳು. ಅವಳ ಮೊರ ಮಣೆಗೆ ಬರುವ ಹೊತ್ತಿಗೆ ಅಲ್ಲಿ ಬಿಸಿಲು ನೇರವಾಗಿ ಬೀಳುತ್ತಿತ್ತು. ಮೊರ ಇಳಿಸಿ ಹೊಸ್ತಿಲ ಹೊರಗೇ ಇಟ್ಟಳು. ಮೊರದಲ್ಲಿ ಅಕ್ಕಿ ಇತ್ತು.

"ಯಕ್ಕಾ, ನಾಳಿಂದ ಬರಬ್ಯಾಡ ಅಂದಾನ ಮೇಸ್ತ್ರಿ."

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು.

"ಹದಿನೈದು ದಿನದಿಂದ ನನ್ನ ಮೊರ ನಿನ್ನ ಮುಂದ ಬಂದದ್ದ ಬಂದದ್ದು, ನೀನು ಊಹೂಂ ಅಂದದ್ದ ಅಂದದ್ದು. ಒಂದು ಮೊರ ಮೂರು ಸಲ ಆರಿಸೀನಿ. ಏನೂ ಸಿಕ್ಕಿಲ್ಲ. ಮತ್ತ ನಿನ್ನ ಮುಂದ ಇಟ್ರ ಮತ್ತ ಊಹೂಂ. ನಾ ಕಣ್ಣಿಲ್ಲದಾಕಿ ಅಂತ ಸಾಲೆಲ್ಲಾ ನಗತೈತಿ. ಇಕಾ, ಇದು ನಿನ್ನಿ ನೀನು ತಿರುಗಿಸಿದ ಅಕ್ಕಿ. ಮೇಸ್ತ್ರೀನ್ನ ಕೇಳೇ ತಂದೀನಿ. ಎಲ್ಲೈತಿ ಹರಳು? ತೋರಸು. ಬಾಯಿಲೆ ಬ್ಯಾಡ, ಮೊದಲಿನಂಗ ಮುಟ್ಟಿ ತೋರಸು."

ನಾನು ನಡುವೆ ಬಂದೆ. ಬರದಿದ್ದರೆ ಅದು ನಾನಲ್ಲ. "ನೋಡವ್ವಾ, ಅತ್ತಿ ಈಗ ಡಾಕ್ಟ್ರ ಕನ್ನಡಕ..."

"ನೀ ಸುಮ್ನಿರು ತಮ್ಮಾ. ನಿನ್ನ ಅಕ್ಕಿ ಅಲ್ಲ ಇದು."

ಅತ್ತೆ ಎದ್ದು ಬಂದು ಹೊಸ್ತಿಲಲ್ಲಿ ಕೂತಳು. ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. "ಇಕಾ ಇಲ್ಲಿ" ಎಂದು ಬೆರಳಿಟ್ಟಳು. ಬೆರಳ ಕೆಳಗೆ ಬರೀ ಅಕ್ಕಿ. "ಇಲ್ಲಿ." ಅಕ್ಕಿ. ಇನ್ನೊಂದು ಕಡೆ, ಮತ್ತೊಂದು ಕಡೆ. ಅಂಗೈಯಿಂದ ಇಡೀ ಮೊರವನ್ನು ಸವರಿದಳು. ಆಮೇಲೆ ತಲೆ ಎತ್ತಿ ಎದುರಿನ ಗೋಡೆ ನೋಡಿದಳು. ಕನ್ನಡಕ ತೆಗೆದು ನೋಡಿದಳು. ಹಾಕಿಕೊಂಡು ನೋಡಿದಳು. ಕಣ್ಣು ಮುಚ್ಚಿಕೊಂಡು, ಮುಚ್ಚಿದ ಕಣ್ಣಿನಲ್ಲೇ ಕೂತಳು.

ಆಗ ನನಗೆ ಆ ಮೂರು ಮುಟ್ಟುಗಳ ಅರ್ಥ ಹೊಳೆಯಿತು. ಶಾಸ್ತ್ರವಲ್ಲ ಅದು, ಆಚಾರವಲ್ಲ. ಜ್ವರ ಬಂದ ಮೇಲೆ ಆಕೆ ತಾನೇ ಕಂಡುಕೊಂಡ ಪರೀಕ್ಷೆ. ಕಣ್ಣು ಹೇಳಿದ್ದನ್ನು ಬೆರಳಿನಿಂದ ವಿಚಾರಿಸುವುದು. ಮೂರು ಕಡೆ ಕಂಡದ್ದನ್ನು ಮುಟ್ಟಿ, ಸಿಕ್ಕರೆ ಹರಳು, ಸಿಗದಿದ್ದರೆ ತನ್ನ ನುಚ್ಚು. ಗೊಣಗುತ್ತಿದ್ದುದು ಮಂತ್ರವಲ್ಲ, 'ನಂದು, ನಂದು, ಅಕ್ಕೀದು' ಎಂಬ ಲೆಕ್ಕ. ತನ್ನ ಕಣ್ಣನ್ನೇ ನಂಬದೆ ದಿನಕ್ಕೆ ನೂರು ಸಲ ಅನುಮಾನಿಸಿ ನೋಡುತ್ತಿದ್ದವಳು ಆಕೆ. ಆ ಮನೆಯಲ್ಲಿ ನಿಜವಾದ ಸಂಶಯವಾದಿ ಯಾರಾಗಿದ್ದರು, ಹೇಳಿ. ಬಟ್ಟಲು ಗೆದ್ದವನೋ? ಆಕೆಯ ಅನುಮಾನವನ್ನು ಕಿತ್ತುಕೊಂಡು ಅದರ ಜಾಗದಲ್ಲಿ ನಾನು ಒಂದು ನಂಬಿಕೆ ಇಟ್ಟಿದ್ದೆ. ಕುರುಗೋಡಿನ ಎಣ್ಣೆಯಾದರೂ ಯಾರ ಕೂಲಿಯನ್ನೂ ತಪ್ಪಿಸಿರಲಿಲ್ಲ.

ಅತ್ತೆ ಕಣ್ಣು ತೆರೆದು ನನ್ನ ಕಡೆ ತಿರುಗಿದಳು. ದನಿ ಏರಿರಲಿಲ್ಲ.

"ಆ ಡಾಕ್ಟ್ರು ಅವತ್ತು ಏನಂದಿದ್ದ? ಅವನ ಮಾತು ಹೇಳು. ನಿನ್ನ ಮಾತು ಬ್ಯಾಡ."

ನನ್ನಲ್ಲಿ ಆ ಕ್ಷಣಕ್ಕೆ ಉತ್ತರಗಳು ಸಿದ್ಧವಿದ್ದವು, ಅದು ಇನ್ನೂ ನಾಚಿಕೆಯ ಸಂಗತಿ. ಸಾರಾಂಶ ಅದೇ ಆಗಿತ್ತು ಎನ್ನಬಹುದಿತ್ತು. ನಿನಗೆ ಧೈರ್ಯ ಬರಲಿ ಎಂದು ಹೇಳಿದೆ ಎನ್ನಬಹುದಿತ್ತು. ಹನುಮವ್ವ ಮೊರದ ಅಂಚು ಹಿಡಿದುಕೊಂಡು ಕಾಯುತ್ತಿದ್ದಳು. ಅವಳ ಉಗುರು ಅಕ್ಕಿ ಆರಿಸಿ ಆರಿಸಿ ಸವೆದು ಬೆಳ್ಳಗಾಗಿತ್ತು.

"ಗೊತ್ತಿಲ್ಲ ಅಂದಿದ್ದ" ಎಂದೆ. "ಹೋಗತೈತಿ ಅಂತ ಹೇಳಬ್ಯಾಡ ಅಂತನೂ ಅಂದಿದ್ದ."

ಅತ್ತೆ "ಹೂಂ" ಎಂದಳು. ಮೊರಕ್ಕೆ ಹೇಳುವ ಹೂಂ ಅಲ್ಲ. ಮೊರವನ್ನು ಹನುಮವ್ವನ ಕಡೆ ಸರಿಸಿ, "ಮಂದಿ ಮುಂದ ಛಲೋ ಮಾತಾಡ್ತೀಯಂತಲ್ಲ, ನಾಳಿ ಬಾ ಮಿಲ್ಲಿಗೆ" ಎಂದಳು.

ಮರುದಿನ ಮೂವತ್ತು ಹೆಂಗಸರು, ಒಬ್ಬ ಮೇಸ್ತ್ರಿ, ಒಂದು ಅಕ್ಕಿಯ ರಾಶಿ. ನನ್ನ ಬಾಳಿನ ಅತಿ ಚಿಕ್ಕ ಭಾಷಣ ಅದು. ಡಾಕ್ಟರು ಹೇಳಿದ್ದೇನು, ನಾನು ಹೇಳಿದ್ದೇನು, ಎರಡೇ ಮಾತು. ಚಪ್ಪಾಳೆ ಇರಲಿಲ್ಲ. ಹಿಂದಿನಿಂದ ಯಾರೋ ತೆಲುಗಿನಲ್ಲಿ ಏನೋ ಅಂದರು, ನಾಲ್ಕು ಜನ ನಕ್ಕರು, ನನಗೆ ಅರ್ಥವಾಯಿತು, ಇಲ್ಲಿ ಬರೆಯುವುದಿಲ್ಲ. ಅತ್ತೆ ಮಣೆಯಿಂದ ಇಳಿದು ನಿಂತು, "ಹನುಮವ್ವನ ಮೊರ ಹಸನ ಇದ್ದವು. ಹರಳು ಇದ್ದದ್ದು ನನ್ನ ಕಣ್ಣಾಗ" ಎಂದಳು.

ಮೇಸ್ತ್ರಿ ತಲೆ ಕೆರೆದುಕೊಂಡ. "ಆಕಿ ಬರ್ಲಿ ಬಿಡಮ್ಮಾ ಕೆಲಸಕ್ಕ. ಆದ್ರ ನಾಳಿ ನೀನು ಹೂಂ ಅಂದ್ರ ಯಾರು ನಂಬೂದು?"

"ಅದಕ್ಕ ಇಳದೀನಲ್ಲಪಾ. ಮಣಿ ಮ್ಯಾಲ ಆಕೀನ್ನ ಕುಂದರಸು. ಹದಿನೈದು ದಿನ ಮೂರು ಮೂರು ಸಲ ಆರಿಸ್ಯಾಳ, ಆಕಿ ಕಣ್ಣಿಗಿಂತ ಹಸನ ಕಣ್ಣು ಈ ಮಿಲ್ನಾಗ ಇಲ್ಲ."

ಹಾಗೆಯೇ ಆಯಿತು. ಅತ್ತೆ ಹೋಗಿ ಸಾಲಿನಲ್ಲಿ ಕೂತಳು. ಹನುಮವ್ವ ನಾಲ್ಕು ತಿಂಗಳು ಅತ್ತೆಯ ಜೊತೆ ಮಾತಾಡಲಿಲ್ಲ. ಮಾತಾಡಬೇಕಿತ್ತೆಂದು ನಾನೂ ವಾದಿಸುವುದಿಲ್ಲ. ಒಂದು ದಿನ ಅತ್ತೆಯ ಮೊರ ಅವಳ ಮುಂದೆ ಹೋದಾಗ, "ಯಕ್ಕಾ, ಇದರಾಗ ಒಂದೈತಿ. ಇದು ನಿನ್ನ ಕಣ್ಣಾಗಿಂದಲ್ಲ" ಎಂದು ಹರಳನ್ನು ಎತ್ತಿ ಅಂಗೈಯಲ್ಲಿ ಇಟ್ಟಳಂತೆ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರಂತೆ. ಅದನ್ನು ಹೇಳುವಾಗ ಅತ್ತೆ ಈಗಲೂ ನಗುತ್ತಾಳೆ. ನಾನು ಇನ್ನೂ ನಗಲು ಕಲಿತಿಲ್ಲ.

ಕಲಿತದ್ದು ಬೇರೆ. ಆ ವರ್ಷದ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಒಂದು ಪ್ರಶ್ನೆ ಕೇಳಿದಾಗ "ಅದು ನನಗೆ ಗೊತ್ತಿಲ್ಲ" ಎಂದುಬಿಟ್ಟೆ. ಸಭೆ ಬೆಚ್ಚಿತು. ನನಗೆ ಮೂರನೆಯ ಬಟ್ಟಲು ಬರಲಿಲ್ಲ. ಈಗ ಮೇಷ್ಟ್ರಾಗಿ ಹುಡುಗರಿಗೆ ಚರ್ಚೆ ಕಲಿಸುತ್ತೇನೆ. ನನ್ನ ಹುಡುಗರು ಹೆಚ್ಚಾಗಿ ಸೋಲುತ್ತಾರೆಂದು ಹೆಡ್‌ಮಾಸ್ತರರ ದೂರು ಇದೆ.

ಬಸ್ಸು ಹತ್ತೂವರೆಗೆ ಬಂತು. ಅತ್ತೆ ಇಳಿದವಳೇ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. ಹಿಂದಿನ ವಾರ ಕಾಗದದಲ್ಲಿ ಬರೆಸಿದ್ದಳು: ಮಿಲ್ಲಿನ ಅಂಗಳದ ಚಪ್ಪರ ತೆಗೆದಿದ್ದಾರೆ, ಸುತ್ತ ಗೋಡೆಗೆ ಸುಣ್ಣ ಬಳಿದಿದ್ದಾರೆ, ಬೆಳ್ಳನೆಯ ಗೋಡೆ, ಬೆಳ್ಳನೆಯ ಅಕ್ಕಿ, ನಡು ಹಗಲಿಗೆ ನುಚ್ಚು ಸುರಿದಂತೆ ಸುರಿದು ಕಾಳೇ ಕಾಣುವುದಿಲ್ಲ. ಹೀಗೇ ಆದರೆ ಸಾಲಿನಲ್ಲೂ ಕೂರಲಾಗುವುದಿಲ್ಲ. ಬೆರಳು ವಿಚಾರಿಸಬೇಕಾದರೆ ಕಣ್ಣು ಮೊದಲು ಏನಾದರೂ ಹೇಳಬೇಕಲ್ಲ.

ಡಾಕ್ಟರು ಅವರೇ, ತಲೆ ಮಾತ್ರ ಬೆಳ್ಳಗಾಗಿದೆ. 'ಮೇಲೆ ನೋಡಿ, ಕೆಳಗೆ ನೋಡಿ' ಎಂಬಷ್ಟು ಕನ್ನಡ ಕಲಿತಿದ್ದಾರೆ. ಮಿಕ್ಕದ್ದಕ್ಕೆ ಈಗಲೂ ನಾನೇ ಬೇಕು. ಪರೀಕ್ಷೆ ಮುಗಿಸಿ ಅವರು ಮಾತಾಡಿದರು. ನಾನು ಒಂದೊಂದು ವಾಕ್ಯಕ್ಕೂ ತಡೆದು ನಿಲ್ಲಿಸಿ ದಾಟಿಸಿದೆ.

"ನುಚ್ಚು ಹೋಗೂದಿಲ್ಲಂತ ಅತ್ತಿ. ಇಷ್ಟು ವರ್ಷ ಇದ್ದದ್ದು ಇನ್ನ ಇರತೈತಂತ."

ಆಕೆ ನನ್ನನ್ನೇ ನೋಡಿದಳು. "ಇದು ಅವರ ಮಾತೋ, ನಿಂದೋ?"

"ಅವರ್ದು."

"ಮುಂದ?"

"ಬಣ್ಣದ ಗಾಜಿನ ಕನ್ನಡಕ ಅದಾವಂತ. ಬೆಳಕು ಚುಚ್ಚೂದು ಕಡಿಮಿ ಆಗತೈತಿ. ಬೆಳಕು ಕಡಿಮಿ ಆದ್ರ ಕೆಲವರಿಗೆ ನುಚ್ಚಿನ ಕಾಟನೂ ಕಡಿಮಿ ಅನಸತೈತಂತ. ಎಲ್ಲಾರಿಗೂ ಅಲ್ಲ. ನಿನಗ ಆಗತೈತೋ ಇಲ್ಲೋ, ಅವರಿಗೆ ಗೊತ್ತಿಲ್ಲ."

ಮೂವತ್ತು ಮೈಲಿ ಬಂದವಳಿಗೆ ನಾನು ಕೊಟ್ಟದ್ದು ಇಷ್ಟೇ. ಆದರೆ ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಗಂಟಿನಲ್ಲಿ ಎರಡು ಹಿಡಿ ಅಕ್ಕಿ. ಡಾಕ್ಟರ ಮೇಜಿನ ಮೇಲಿದ್ದ ಬಿಳಿಯ ಕಾಗದದ ಮೇಲೆ ಅದನ್ನು ಸುರಿದು ಅಂಗೈಯಿಂದ ಹರಡಿದಳು. ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿದರು.

"ಗಾಬರಿ ಆಗಬ್ಯಾಡ್ರಿ ಅನ್ನು ಅವರಿಗೆ. ಹನುಮವ್ವ ಕೊಟ್ಟು ಕಳಿಸ್ಯಾಳ. ಇದರಾಗ ಹರಳು ಹಾಕ್ಯಾಳ, ಎಷ್ಟಂತ ನನಗ ಹೇಳಿಲ್ಲ. ಇಕಾ ಈ ದಾರದಾಗ ಅಷ್ಟು ಗಂಟು ಹಾಕ್ಯಾಳ. ನೀನು ಎಣಿಸಿ ಬಾಯಿ ಮುಚ್ಚಿಕೊಂಡು ಕುಂದ್ರು. ಕೆಂಪು ಗಾಜೋ, ಹಸರು ಗಾಜೋ, ಒಂದೊಂದಾ ಕೊಡ್ಲಿ. ಕಿಟಿಕಿ ತೆರಿ, ಬಿಸಿಲು ಬೀಳ್ಲಿ."

ನಾನು ಡಾಕ್ಟರಿಗೆ ಇದನ್ನೂ ಅಕ್ಷರ ಬಿಡದೆ ಹೇಳಿದೆ. ಅವರು ಒಂದು ಕ್ಷಣ ಆಕೆಯನ್ನು ನೋಡಿ, ಎದ್ದು ಹೋಗಿ ತಾವೇ ಕಿಟಕಿ ತೆರೆದರು.

ಮೊದಲ ಗಾಜು ಕಪ್ಪು ಹೊಗೆಯ ಬಣ್ಣದ್ದು. ಅತ್ತೆ ಬಗ್ಗಿದಳು. ನೋಡುವುದು, ಮುಟ್ಟುವುದು, ಎತ್ತಿ ಬದಿಗಿಡುವುದು. ಕೊನೆಗೆ ಬೆನ್ನು ನೆಟ್ಟಗೆ ಮಾಡಿ, "ನುಚ್ಚು ಏನೋ ತಣ್ಣಗಾತು ನೋಡು, ಕಣ್ಣಿಗೆ ನೆಳ್ಳು ಬಿದ್ದಂಗ" ಎಂದಳು. ಮುಖ ಅರಳಿತ್ತು. ಬದಿಯಲ್ಲಿ ಆರು ಹರಳು.

"ಆತೇನು?" ಎಂದು ಕೇಳಿದಳು.

ದಾರದಲ್ಲಿ ಒಂಬತ್ತು ಗಂಟಿದ್ದವು. ಆಕೆಗೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ಕಣ್ಣಿಗೆ ನೆರಳು ಸಿಕ್ಕಿತ್ತು. ಆತು ಎಂದುಬಿಡು ಎಂದು ನನ್ನ ನಾಲಿಗೆ ತುದಿಯಲ್ಲಿ ಆ ಹಳೆಯ ವಕೀಲ ಎದ್ದು ನಿಂತ.

"ಇಲ್ಲ ಅತ್ತಿ" ಎಂದೆ. "ಮೂರು ಉಳದಾವು."

ಆಕೆಯ ಮುಖ ಬಾಡಲಿಲ್ಲ. ಕನ್ನಡಕ ತೆಗೆದು ಡಾಕ್ಟರ ಕೈಗಿಟ್ಟಳು, ಆರು ಹರಳನ್ನೂ ಮತ್ತೆ ಅಕ್ಕಿಯೊಳಗೆ ಹಾಕಿ ಕಲೆಸಿದಳು.

"ಇದು ಬಲು ಕಪ್ಪಾತು. ಇದಕ್ಕಿಂತ ತುಸು ತಿಳಿ ಬಣ್ಣದ್ದು ಐತೇನು, ಕೇಳು ಅವರ್ನ."

ನಾನು ಕೇಳುವ ಮೊದಲೇ ಡಾಕ್ಟರು ಡ್ರಾಯರು ಎಳೆದಿದ್ದರು.